ಗಡ್ಡೆಯ ಕೋಶಕ್ಕೆ ಹೊಳೆಯುವ ಬಣ್ಣ: ಡೈ-ಐ, ಜಿಎಫ್‌ಪಿ, ಟಿಡಿ-ಟೊಮೇಟೊ ಎರಡು ವರ್ಷ ಬಳಸಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಇಲಿಯ ಮಿದುಳಿನಲ್ಲಿ ಗಡ್ಡೆಯ ಕೋಶಗಳು ಎಲ್ಲಿಯವರೆಗೆ ನುಗ್ಗಿವೆ ಅಂತ ನೋಡಬೇಕಾ? ಎರಡು ಮೂರು ದಿನದ ಪ್ರಯೋಗವಾದರೆ ಡೈ-ಐ ಬಣ್ಣ ಸಾಕು. ವಾರ ದಾಟುತ್ತದೆ ಅಂದರೆ ಅದನ್ನು ನಂಬಬೇಡಿ, ಹೊಳೆಯುವ ಪ್ರೋಟೀನನ್ನು ತಾವೇ ತಯಾರಿಸುವ ಕೋಶಗಳನ್ನು ಬಳಸಿ. ಹಸಿರು ಜಿಎಫ್‌ಪಿ ಒಳ್ಳೆಯದು. ಕೆಂಪು ಟಿಡಿ-ಟೊಮೇಟೊ ಇನ್ನೂ ಒಳ್ಳೆಯದು. ಯಾವುದನ್ನು ತಗೊಂಡರೂ ಸತ್ತ ಕೋಶಗಳ ಕಂಟ್ರೋಲ್ (ಹೋಲಿಸಿ ನೋಡಲು ಸತ್ತ ಕೋಶ ಹಾಕಿ ಮಾಡುವ ಅದೇ ಪ್ರಯೋಗ) ಇಟ್ಟುಕೊಳ್ಳದೆ ಒಂದು ಇಲಿಯನ್ನೂ ಮುಟ್ಟಬೇಡಿ. ಅವಸರದಲ್ಲಿರುವವರು ಇಷ್ಟು ಓದಿ ಹೋದರೂ ಸಾಕು. ಕಾರಣ ಬೇಕಾದವರಿಗೆ ಕೆಳಗೆ ಉದ್ದಕ್ಕೆ ಬರೆದಿದ್ದೇನೆ.

ನನ್ನ ಮನೆ ಬದಿಯಡ್ಕದ ಹತ್ತಿರ. ಕಾಸರಗೋಡು ಜಿಲ್ಲೆಯ ಒಳಗೇ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ. ಸಿ6 ಅನ್ನುವ ಇಲಿಯ ಗ್ಲಿಯೋಮಾ (ಮಿದುಳಿನಲ್ಲೇ ಹುಟ್ಟುವ ಒಂದು ಬಗೆಯ ಗಡ್ಡೆ) ಕೋಶಗಳನ್ನು ಬೆಳೆಸುವುದು, ಇಲಿಯ ಮಿದುಳಿಗೆ ಹಾಕುವುದು, ಆಮೇಲೆ ಮಿದುಳನ್ನು ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನ ಕೆಳಗೆ ಹುಡುಕುವುದು. ಲ್ಯಾಬಿನಲ್ಲಿ ಮಲಯಾಳ ಮತ್ತು ಇಂಗ್ಲಿಷ್, ಮನೆಯಲ್ಲಿ ಕನ್ನಡ. ಈ ಬಣ್ಣಗಳನ್ನು ತರಿಸುವ ಮೊದಲು ಎಷ್ಟು ಹುಡುಕಿದರೂ ನನಗೆ ಕನ್ನಡದಲ್ಲಿ ಬಳಸಿದವರ ಮಾತು ಒಂದೂ ಸಿಗಲಿಲ್ಲ. ನಮ್ಮ ಕಡೆಯಿಂದ ಎಂಎಸ್ಸಿ, ಪಿಎಚ್‌ಡಿ ಅಂತ ಹೋಗುವ ಮಕ್ಕಳು ಸಾಕಷ್ಟು ಜನ ಇದ್ದಾರೆ. ಅವರಿಗೆ ನಾಲ್ಕು ತಿಂಗಳು ಉಳಿದರೂ ಒಳ್ಳೆಯದೇ ಅಲ್ವಾ?

ಈ ಕೆಲಸದ ಮೇಲೆ ನನಗೆ ಇಷ್ಟು ಜೀವ ಯಾಕೆ ಅಂತಲೂ ಹೇಳಬೇಕು. ನನ್ನ ಚಿಕ್ಕಪ್ಪನಿಗೆ ಗ್ಲಿಯೋಬ್ಲಾಸ್ಟೋಮಾ ಆಗಿತ್ತು, ಗ್ಲಿಯೋಮಾಗಳಲ್ಲೇ ಅತಿ ಕೆಟ್ಟದ್ದು. ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವುದು. ಆ ದಾರಿ ನಮಗೆ ಎಷ್ಟು ಮುಖ್ಯ ಅಂತ 2020ರ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿದಾಗ ಇಡೀ ದೇಶಕ್ಕೇ ಗೊತ್ತಾಯಿತು. ಚಿಕ್ಕಪ್ಪನ ಆಪರೇಷನ್ ಚೆನ್ನಾಗಿಯೇ ಆಯಿತು. ಕಣ್ಣಿಗೆ ಕಂಡದ್ದೆಲ್ಲ ತೆಗೆದಿದ್ದೇವೆ ಅಂತ ಡಾಕ್ಟರು ಹೇಳಿದರು, ಅದು ನಿಜವೂ ಆಗಿತ್ತು, ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಎಂಟು ತಿಂಗಳಿಗೆ ಹಳೆಯ ಜಾಗದ ಅಂಚಿನಲ್ಲೇ ಮತ್ತೆ ಬಂತು. "ಎಲ್ಲ ತೆಗೆದ ಮೇಲೆ ಇದು ಎಲ್ಲಿಂದ ಬಂದದ್ದು?" ಅಂತ ಚಿಕ್ಕಪ್ಪ ನನ್ನ ಹತ್ತಿರ ಕೇಳಿದರು. ಮನೆಯಲ್ಲಿ ಸೈನ್ಸ್ ಓದಿದವಳು ನಾನೊಬ್ಬಳೇ.

ಅವರಿಗೆ ನಾನು ಜೇಕಿನ ಹುಲ್ಲಿನ ಉದಾಹರಣೆ ಕೊಟ್ಟೆ. ತೋಟದವರಿಗೆ ಅದನ್ನು ಬಿಡಿಸಿ ಹೇಳುವುದು ಬೇಡ. ಮೇಲೆ ಕಾಣುವ ಹುಲ್ಲನ್ನು ಬೇರು ಸಮೇತ ಕಿತ್ತರೂ ಗೇಣು ದೂರದಲ್ಲಿ ಮಣ್ಣಿನ ಒಳಗೆ ಇನ್ನೊಂದು ಗೆಡ್ಡೆ ಉಳಿದಿರುತ್ತದೆ. ಗ್ಲಿಯೋಮಾವೂ ಹಾಗೆಯೇ. ಮುದ್ದೆಯಿಂದ ಒಂದೊಂದೇ ಕೋಶ ಕಳಚಿಕೊಂಡು ರಕ್ತನಾಳದ ಗೋಡೆ ಹಿಡಿದು, ನರತಂತುಗಳ ಬಿಳಿ ಕಟ್ಟು ಹಿಡಿದು ದೂರ ಹೋಗಿ ಕೂರುತ್ತದೆ. ಇದು ಹೊಸ ಸಂಗತಿ ಅಲ್ಲ. 1928ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಅನ್ನುವ ಸರ್ಜನ್ ಮಿದುಳಿನ ಬಲಭಾಗದ ಅರ್ಧವನ್ನೇ ತೆಗೆದ ಕೇಸುಗಳನ್ನು ಪ್ರಕಟಿಸಿದರು. ಅಷ್ಟು ಮಾಡಿದರೂ ಈ ರೋಗವನ್ನು ಗೆಲ್ಲಲು ಆಗಲಿಲ್ಲ. 1938ರಲ್ಲಿ ಶೆರರ್ ಅನ್ನುವವರು ಗ್ಲಿಯೋಮಾ ಕೋಶಗಳು ಯಾವ ಯಾವ ದಾರಿ ಹಿಡಿಯುತ್ತವೆ ಅಂತ ಸತ್ತವರ ಮಿದುಳುಗಳನ್ನು ನೋಡಿ ಬರೆದರು. ರಕ್ತನಾಳದ ಸುತ್ತ, ನರಕೋಶದ ಸುತ್ತ, ಮಿದುಳಿನ ಹೊರಪೊರೆಯ ಕೆಳಗೆ, ಬಿಳಿ ಕಟ್ಟಿನ ಉದ್ದಕ್ಕೆ. ಇವತ್ತಿಗೂ ನಾವು ಹುಡುಕುವುದು ಆ ನಾಲ್ಕು ದಾರಿಗಳಲ್ಲೇ.

ಆದರೆ ಸುಮ್ನೆ ನೋಡಿದರೆ ದೂರ ಹೋದ ಒಂಟಿ ಕೋಶ ಕಾಣುವುದಿಲ್ಲ. ಅದು ಅಕ್ಕಪಕ್ಕದ ಗ್ಲಿಯಾ ಕೋಶದ (ನರಕೋಶಗಳಿಗೆ ಆಸರೆಯಾಗುವ ಮಾಮೂಲಿ ಕೋಶದ) ಹಾಗೆಯೇ ಇರುತ್ತದೆ. ಅದಕ್ಕೇ ಒಳಗೆ ಹಾಕುವ ಮೊದಲು ಗುರುತು ಮಾಡುವುದು.

ಈಗ ಡೈ-ಐ. ಇದು ಕೊಬ್ಬಿನಲ್ಲಿ ಕರಗುವ ಕಿತ್ತಳೆ ಬಣ್ಣ. ಅಣುವಿಗೆ 18 ಕಾರ್ಬನ್ನಿನ ಎರಡು ಬಾಲ ಇರುತ್ತವೆ. ಅವು ಕೋಶದ ಪೊರೆಯ ಒಳಗೆ ಸಿಕ್ಕಿಕೊಂಡು ಕೂರುತ್ತವೆ. ನೀರಿನಲ್ಲಿ ಇದ್ದಾಗ ಹೊಳಪು ಬಹಳ ಕಡಿಮೆ, ಪೊರೆಗೆ ಸೇರಿದ ಕೂಡಲೇ ಜೋರಾಗಿ ಹೊಳೆಯುತ್ತದೆ. 549 ನ್ಯಾನೋಮೀಟರ್ ಹತ್ತಿರದ ಬೆಳಕು ಕೊಟ್ಟರೆ 565ರಲ್ಲಿ ವಾಪಸು ಕೊಡುತ್ತದೆ. ಬಳಸುವುದು ಬಹಳ ಸುಲಭ. ಸೀರಮ್ ಇಲ್ಲದ ಮೀಡಿಯಂನಲ್ಲಿ ಕೋಶಗಳನ್ನು ತೇಲಿಸಿ, ಬಣ್ಣ ಹಾಕಿ, 37 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಕತ್ತಲಲ್ಲಿ ಇಟ್ಟು, ಮೂರು ಸಲ ತೊಳೆದರೆ ಆಯಿತು. ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಒಂದೊಂದು ಕೋಶವೂ ಕೆಂಡದ ಚೂರಿನ ಹಾಗೆ. ಮೊದಲ ದಿನ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ.

ಕಾಸರಗೋಡಿನಂಥ ಊರಿಗೆ ಇದರ ಇನ್ನೊಂದು ದೊಡ್ಡ ಗುಣ ಅಂದರೆ ಡ್ರೈ ಐಸ್ ಬೇಡ. ಪುಡಿ ಮಾಮೂಲಿ ಪಾರ್ಸೆಲಿನಲ್ಲಿ ಬರುತ್ತದೆ, ಬಿಸಿಲು ತಾಗದ ಹಾಗೆ ಡ್ರಾಯರಿನಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಇದರ ಬೆಲೆ ಏನು ಅಂತ ತಣ್ಣಗಿನ ಪಾರ್ಸೆಲ್ ತರಿಸಿದವರಿಗೆ ಗೊತ್ತು. ಒಮ್ಮೆ ನಮ್ಮ ವೈರಸ್ (ಹೊಳೆಯುವ ಪ್ರೋಟೀನಿನ ಜೀನನ್ನು ಕೋಶದ ಒಳಗೆ ಸೇರಿಸುವಂಥದ್ದು) ಪಾರ್ಸೆಲ್ ಶುಕ್ರವಾರ ಬಂದು ಕೊರಿಯರ್ ಗೋಡೌನಿನಲ್ಲಿ ಸೋಮವಾರದವರೆಗೆ ಕೂತಿತ್ತು. ಬಾಕ್ಸ್ ತೆರೆದರೆ ಐಸಿನ ಸುಳಿವೂ ಇಲ್ಲ, ಟ್ಯೂಬಿನ ಒಳಗೆ ನೀರು. ಮೂರು ತಿಂಗಳಿನ ಗ್ರಾಂಟ್ ಅಲ್ಲಿಗೆ ಹೋಯಿತು.

ಹಾಗಾಗಿ ಮೊದಲ ಬ್ಯಾಚ್ ಪೂರ್ತಿ ಡೈ-ಐ. ಇಲಿಗೆ ಅರಿವಳಿಕೆ ಕೊಟ್ಟು, ತಲೆಯನ್ನು ಅಲುಗಾಡದ ಹಾಗೆ ಸ್ಟೀರಿಯೋಟ್ಯಾಕ್ಸಿಕ್ ಫ್ರೇಮಿನಲ್ಲಿ ಕೂರಿಸಿ, ಬ್ರೆಗ್ಮಾದಿಂದ (ತಲೆಬುರುಡೆಯ ಮೂಳೆಗಳು ಕೂಡುವ ಗುರುತಿನ ಜಾಗ) 3 ಮಿಲಿಮೀಟರ್ ಬಲಕ್ಕೆ, 5 ಮಿಲಿಮೀಟರ್ ಆಳಕ್ಕೆ, ಸಣ್ಣ ಹ್ಯಾಮಿಲ್ಟನ್ ಸಿರಿಂಜಿನಲ್ಲಿ 5 ಮೈಕ್ರೋಲೀಟರ್. ಹದಿನಾಲ್ಕನೇ ದಿನ ಮಿದುಳು ತೆಗೆದು ಸೆಕ್ಷನ್ (ತೆಳ್ಳನೆಯ ಸೀಳು) ಮಾಡಿದೆವು. ಕಾರ್ಪಸ್ ಕ್ಯಾಲೋಸಂ ಅಂದರೆ ಎರಡು ಅರ್ಧಗಳನ್ನು ಸೇರಿಸುವ ಆ ಬಿಳಿ ಸೇತುವೆ. ಅದರ ಉದ್ದಕ್ಕೆ ಕಿತ್ತಳೆ ಚುಕ್ಕಿಗಳ ಸಾಲು, ನಡುಗೆರೆಯ ಕಡೆಗೆ ಹೊರಟ ಹಾಗೆ. ನಾವು ಕುಣಿದಾಡಿದ್ದು ಒಂದೇ ಬಾಕಿ. ಪೋಸ್ಟರಿಗೆ ಫೋಟೋ ಕೂಡ ಆರಿಸಿ ಆಗಿತ್ತು.

ಅಷ್ಟರಲ್ಲಿ ಲ್ಯಾಬಿಗೆ ಬಂದ ಸೀನಿಯರ್ ಒಬ್ಬರು ಫೋಟೋ ನೋಡಿ ಕೇಳಿದ್ದು ಒಂದೇ ಪ್ರಶ್ನೆ. ಸತ್ತ ಕೋಶ ಹಾಕಿ ನೋಡಿದ್ದೀರಾ?

ನೋಡಿರಲಿಲ್ಲ. ನೋಡಿದೆವು. ಅದೇ ಸಿ6 ಕೋಶಗಳಿಗೆ ಅದೇ ಬಣ್ಣ ಹಾಕಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿ, ಒಂದೂ ಬದುಕಿಲ್ಲ ಅಂತ ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಹಾಕಿ ಖಾತ್ರಿ ಮಾಡಿಕೊಂಡು, ಅದೇ ಜಾಗಕ್ಕೆ ಅಷ್ಟೇ ಹಾಕಿದೆವು. ಹದಿನಾಲ್ಕು ದಿನ ಕಾದೆವು. ಸತ್ತ ಕೋಶಗಳ ಆ ಮಿದುಳಿನಲ್ಲೂ ಕಿತ್ತಳೆ ಚುಕ್ಕಿಗಳು ಇದ್ದವು. ಕಡಿಮೆ ಇದ್ದವು, ಆದರೆ ಅದೇ ಸೇತುವೆಯಲ್ಲೇ ಇದ್ದವು.

ಸತ್ತವು ನಡೆಯುವುದಿಲ್ಲ. ಹಾಗಾದರೆ ಚುಕ್ಕಿ ಅಲ್ಲಿಗೆ ಹೋದದ್ದು ಹೇಗೆ? ಎರಡು ಕಾರಣ ಸಿಕ್ಕಿತು. ಒಂದು, ಸೂಜಿ ಆಳಕ್ಕೆ ಇಳಿಯುವಾಗ ಆ ಬಿಳಿ ಸೇತುವೆಯನ್ನು ತೂತು ಮಾಡಿಕೊಂಡೇ ಇಳಿಯುತ್ತದೆ. ಬೇಗ ಒತ್ತಿದರೆ, ಬೇಗ ಎಳೆದರೆ, ದ್ರವ ಸೂಜಿಯ ದಾರಿಯಲ್ಲೇ ಮೇಲೆ ಬಂದು ಮೆತ್ತನೆಯ ಬಿಳಿ ಕಟ್ಟಿನ ಒಳಗೆ ಅಡ್ಡಕ್ಕೆ ಹರಡುತ್ತದೆ. ಎರಡನೆಯದು, ಮಿದುಳಿನಲ್ಲಿ ಕಸ ಗುಡಿಸುವ ಮೈಕ್ರೋಗ್ಲಿಯಾ ಕೋಶಗಳು ಸತ್ತವುಗಳನ್ನು ನುಂಗುತ್ತವೆ, ನುಂಗಿದ ಬಣ್ಣವನ್ನು ಹೊತ್ತುಕೊಂಡು ತಿರುಗುತ್ತವೆ. ಐಬಾ1 ಅನ್ನುವ ಆಂಟಿಬಾಡಿ ಹಾಕಿದರೆ ಮೈಕ್ರೋಗ್ಲಿಯಾ ಮಾತ್ರ ಬೇರೆ ಬಣ್ಣದಲ್ಲಿ ಕಾಣುತ್ತದೆ. ನಮ್ಮ ಚುಕ್ಕಿಗಳಲ್ಲಿ ಬಹಳಷ್ಟು ಐಬಾ1 ಮೇಲೆಯೇ ಕೂತಿದ್ದವು. ನಾವು ಗಡ್ಡೆಯ ಕೋಶ ಅಂತ ಎಣಿಸಿದ್ದು ಇಲಿಯದ್ದೇ ಸ್ವಂತ ಕೋಶ.

ಅಡಿಕೆಗೆ ಮದ್ದು ಬಿಡುವುದನ್ನು ನೋಡಿದವರಿಗೆ ಇದು ಒಂದೇ ಮಾತಿನಲ್ಲಿ ಅರ್ಥ ಆಗುತ್ತದೆ. ಮೈಲುತುತ್ತು ಸುಣ್ಣದ ನೀಲಿ ಗೊನೆಯ ಮೇಲೂ ಇರುತ್ತದೆ, ಕೆಳಗಿನ ಕಾಳುಮೆಣಸಿನ ಎಲೆಯ ಮೇಲೂ ಇರುತ್ತದೆ, ಮದ್ದು ಬಿಟ್ಟವರ ಅಂಗಿಯ ಮೇಲೂ ಇರುತ್ತದೆ. ನೀಲಿ ಕಂಡಲ್ಲೆಲ್ಲ ಗೊನೆ ಇಲ್ಲ. ಡೈ-ಐ ಕೂಡ ಬಣ್ಣ ಎಲ್ಲಿದೆ ಅಂತ ಹೇಳುತ್ತದೆ. ಕೋಶ ಎಲ್ಲಿದೆ ಅಂತ ಹೇಳುವುದಿಲ್ಲ.

ಇನ್ನೊಂದು ತೊಂದರೆಯೂ ಉಂಟು. ಕೋಶ ಒಡೆದು ಎರಡಾದಾಗ ಬಣ್ಣ ಅರ್ಧರ್ಧ ಹಂಚಿ ಹೋಗುತ್ತದೆ. ಏಳು ಸಲ ಒಡೆದರೆ ಉಳಿಯುವುದು 128ರಲ್ಲಿ ಒಂದು ಪಾಲು. ಗಡ್ಡೆಯ ಕೋಶ ಅಂದರೆ ಒಡೆಯುವುದೇ ಅದರ ಕೆಲಸ. ಹಾಗಾಗಿ ಎರಡು ವಾರ ಕಳೆದ ಮೇಲೆ ಜೋರಾಗಿ ಬೆಳೆದವು ಕತ್ತಲಾಗಿರುತ್ತವೆ, ಕೂತಲ್ಲೇ ಕೂತವು ಹೊಳೆಯುತ್ತಿರುತ್ತವೆ. ನುಗ್ಗುವ ಕೋಶ ಆ ಹೊತ್ತಿನಲ್ಲಿ ಒಡೆಯುವುದು ಕಡಿಮೆ ಅನ್ನುವ ವಾದ ಇದೆ, ಅದು ಸರಿಯಾದರೆ ಡೈ-ಐಗೆ ಸ್ವಲ್ಪ ಅನುಕೂಲವೇ. ಆದರೂ ಎಣಿಕೆ ಮಾಡುವ ಕೆಲಸಕ್ಕೆ ನಾನು ಇದನ್ನು ಇನ್ನು ಬಳಸುವುದಿಲ್ಲ. ಪಿಕೆಎಚ್ ಅಂತ ಬರುವ ಬಣ್ಣಗಳದ್ದೂ ಇದೇ ಕಥೆ, ಬೇರೆ ಬರೆಯುವುದು ಬೇಡ.

ಡೈ-ಐ ಬಳಸಲೇಬೇಕಾದವರಿಗೆ ಒಂದು ಮಾತು. ಆಂಟಿಬಾಡಿ ಹಾಕುವ ಮೊದಲು ಎಲ್ಲರೂ ಅಭ್ಯಾಸದಿಂದ ಟ್ರೈಟಾನ್ (ಆಂಟಿಬಾಡಿ ಒಳಗೆ ಹೋಗಲು ಪೊರೆ ತೂತು ಮಾಡುವ ಸೋಪಿನಂಥದ್ದು) ಹಾಕುತ್ತಾರೆ. ಟ್ರೈಟಾನ್ ಪೊರೆಯ ಕೊಬ್ಬನ್ನೇ ಕರಗಿಸುತ್ತದೆ, ಜೊತೆಗೆ ಬಣ್ಣವೂ ತೊಳೆದು ಹೋಗುತ್ತದೆ. ನಮ್ಮ ಒಂದು ಇಡೀ ಇಲಿಯ ಸೆಕ್ಷನ್‌ಗಳು ಹೀಗೆ ಬರಿದಾದವು. ಅದರ ಬದಲು ಡಿಜಿಟೋನಿನ್ ಕಡಿಮೆ ಪ್ರಮಾಣದಲ್ಲಿ ಹಾಕಿದರೆ ಬಣ್ಣ ಸುಮಾರಾಗಿ ಉಳಿಯುತ್ತದೆ. ಆಲ್ಕೋಹಾಲ್ ಅಂತೂ ತಾಗಿಸಲೇಬೇಡಿ.

ಇಲಿಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಎಷ್ಟು ಪ್ರಾಣಿ ಬೇಕು, ಯಾಕೆ ಬೇಕು ಅಂತ ಬರೆದು ಕೊಡಬೇಕು, ನೋವಿಗೆ ಮದ್ದು ಕೊಡಬೇಕು, ಪ್ರಾಣಿ ಸೊರಗಲು ಶುರುವಾದರೆ ಅಲ್ಲಿಗೇ ನಿಲ್ಲಿಸಬೇಕು. 1959ರಲ್ಲಿ ರಸೆಲ್ ಮತ್ತು ಬರ್ಚ್ ಬರೆದದ್ದು ಇದನ್ನೇ: ಸಾಧ್ಯವಾದರೆ ಪ್ರಾಣಿ ಬಿಟ್ಟು ಬೇರೆ ದಾರಿ, ಆಗದಿದ್ದರೆ ಕಡಿಮೆ ಪ್ರಾಣಿ, ಕಡಿಮೆ ನೋವು. ಮೊದಲ ಬ್ಯಾಚಿನ ಇಲಿಗಳು ನಮ್ಮ ತಪ್ಪು ಆಯ್ಕೆಗೆ ಹೋದವು. ಅವುಗಳ ಪಂಜರಕ್ಕೆ ನಾನೇ ಬೆಳಿಗ್ಗೆ ಬೆಳಿಗ್ಗೆ ಹೊಟ್ಟು ಬದಲಿಸುತ್ತಿದ್ದೆ. ಬಣ್ಣ ಆರಿಸುವುದನ್ನು ಬರೀ ಟೆಕ್ನಿಕಲ್ ವಿಷಯ ಅಂತ ನೋಡಲು ನನಗೆ ಆಗುವುದಿಲ್ಲ.

ಎರಡನೇ ಬ್ಯಾಚಿಗೆ ಜಿಎಫ್‌ಪಿ. ಇದರ ಮೂಲ ಒಂದು ಕಡಲಿನ ಲೋಳೆಮೀನು. ಒಸಾಮು ಶಿಮೊಮುರಾ ಅದನ್ನು ಬೇರ್ಪಡಿಸಿ ವರದಿ ಮಾಡಿದ್ದು 1962ರಲ್ಲಿ. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದರ ಜೀನನ್ನು ಒಂದು ಸಣ್ಣ ಹುಳುವಿನ ಒಳಗೆ ಹಾಕಿ ಹೊಳೆಯಿಸಿದರು. ರೋಜರ್ ಟ್ಸಿಯೆನ್ ಅದನ್ನು ತಿದ್ದಿ ತೀಡಿ ಬೇರೆ ಬೇರೆ ಬಣ್ಣ ಬರುವ ಹಾಗೆ ಮಾಡಿದರು. ಮೂವರಿಗೂ 2008ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು. ನಮ್ಮ ಕಡಲಿನಲ್ಲಿ ಕೆಲವು ರಾತ್ರಿ ಅಲೆ ನೀಲಿಯಾಗಿ ಮಿಂಚುವುದನ್ನು ನೋಡಿದವರು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಅಲ್ಲ. ಅಲ್ಲಿ ಜೀವಿಯೇ ಬೆಳಕನ್ನು ಹುಟ್ಟಿಸುತ್ತದೆ. ಜಿಎಫ್‌ಪಿ ತಾನಾಗಿ ಬೆಳಕು ಹುಟ್ಟಿಸುವುದಿಲ್ಲ, ನೀಲಿ ಬೆಳಕು ಕೊಟ್ಟರೆ ಹಸಿರು ವಾಪಸು ಕೊಡುತ್ತದೆ. ನಾವು ಬಳಸುವ ತಿದ್ದಿದ ಮಾದರಿಗೆ 488 ಕೊಟ್ಟರೆ 507ರಲ್ಲಿ ಬರುತ್ತದೆ.

ಇಲ್ಲಿ ಬಣ್ಣ ಹೊರಗಿನಿಂದ ಬಳಿಯುವುದಲ್ಲ. ಜೀನ್ ಕೋಶದ ಡಿಎನ್‌ಎಯಲ್ಲೇ ಸೇರಿರುತ್ತದೆ. ಒಡೆದು ಎರಡಾದರೆ ಎರಡೂ ಪೂರ್ತಿ ಹಸಿರು. ಸಾವಿರ ಆದರೆ ಸಾವಿರವೂ ಹಸಿರು. ಕೋಶ ಸತ್ತರೆ ಪ್ರೋಟೀನ್ ಕರಗಿ ಹೋಗುತ್ತದೆ, ನುಂಗಿದ ಮೈಕ್ರೋಗ್ಲಿಯಾದ ಒಳಗೆ ಅದು ಡೈ-ಐ ಹಾಗೆ ವಾರಗಟ್ಟಲೆ ಕೂರುವುದಿಲ್ಲ. ಸತ್ತ ಕೋಶಗಳ ಕಂಟ್ರೋಲ್ ಈ ಸಲವೂ ಮಾಡಿದೆವು. ಹದಿನಾಲ್ಕನೇ ದಿನ ಆ ಮಿದುಳಿನಲ್ಲಿ ಹಸಿರು ಇರಲಿಲ್ಲ. ಆ ಖಾಲಿ ಸ್ಲೈಡ್ ನೋಡಿ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ತೊಂದರೆ ಇಲ್ಲ ಅಂತಲ್ಲ. ಕೋಶಗಳನ್ನು ತಯಾರು ಮಾಡಲು ತಿಂಗಳುಗಳು ಬೇಕು. ವೈರಸ್ ಪಾರ್ಸೆಲ್ ಕರಗಿದ ಮೇಲೆ ನಾವು ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎಯ ಸಣ್ಣ ಬಳೆ) ದಾರಿ ಹಿಡಿದೆವು. ಅದು ಬ್ಯಾಕ್ಟೀರಿಯಾದ ಒಳಗೆ ಕೂತು, ಸಣ್ಣ ಟ್ಯೂಬಿನ ಅಗಾರಿನಲ್ಲಿ, ಐಸೇ ಇಲ್ಲದೆ ಬರುತ್ತದೆ. ನಮ್ಮಂಥ ದೂರದ ಊರಿನವರಿಗೆ ಇದೇ ಸರಿ. ಆಮೇಲೆ ಆಂಟಿಬಯೋಟಿಕ್ ಹಾಕಿ ಜೀನ್ ಸೇರದ ಕೋಶಗಳನ್ನು ಕೊಲ್ಲಬೇಕು, ಉಳಿದವುಗಳಲ್ಲಿ ಚೆನ್ನಾಗಿ ಹೊಳೆಯುವುದನ್ನು ಆರಿಸಬೇಕು. ಕೋಶ ಆರಿಸುವ ಮೆಷಿನ್ ನಮ್ಮಲ್ಲಿ ಇಲ್ಲ. 96 ಗುಳಿಯ ಪ್ಲೇಟಿನಲ್ಲಿ ಗುಳಿಗೆ ಒಂದರಂತೆ ಹಾಕಿ ಕೈಯಲ್ಲೇ ಆರಿಸಿದೆವು. ಒಂದೇ ಕೋಶದ ಸಂತಾನವನ್ನು ಮಾತ್ರ ಇಟ್ಟುಕೊಳ್ಳಬೇಡಿ. ಆ ಒಂದು ಕೋಶ ಸೋಮಾರಿಯಾಗಿದ್ದರೆ ಇಡೀ ಪ್ರಯೋಗದಲ್ಲಿ ಗಡ್ಡೆ ನುಗ್ಗುವುದೇ ಇಲ್ಲ, ನೀವು ಅದನ್ನು ಮದ್ದಿನ ಗುಣ ಅಂದುಕೊಂಡುಬಿಡಬಹುದು. ನಾಲ್ಕೈದು ಸಂತಾನ ಸೇರಿಸಿ ಬಳಸಿ. ಕೆಲವು ಕೋಶಗಳು ತಿಂಗಳುಗಳ ಮೇಲೆ ಜೀನನ್ನು ಮುಚ್ಚಿಬಿಡುತ್ತವೆ, ಹಾಗಾಗಿ ಪ್ರತಿ ಸಲ ಇಲಿಗೆ ಹಾಕುವ ಮೊದಲು ನೂರಕ್ಕೆ ಎಷ್ಟು ಹಸಿರು ಅಂತ ಎಣಿಸಿ ಬರೆದಿಡಿ.

ಜಿಎಫ್‌ಪಿ ಹೊಳೆಯಲು ಆಮ್ಲಜನಕ ಬೇಕು. ದೊಡ್ಡ ಗಡ್ಡೆಯ ನಡುವೆ ಅದು ಕಡಿಮೆ, ಅಲ್ಲಿ ಮಂಕು. ನಾವು ನೋಡುವುದು ಅಂಚನ್ನು, ಅದರಿಂದ ಇದು ನನಗೆ ತೊಂದರೆ ಆಗಲಿಲ್ಲ.

ನಿಜವಾದ ತಲೆನೋವು ಅಂದರೆ ಮಿದುಳಿನ ಸ್ವಂತ ಹೊಳಪು. ಬಣ್ಣವೇ ಹಾಕದ ಇಲಿಯ ಮಿದುಳನ್ನೂ ನೀಲಿ ಬೆಳಕಿನಲ್ಲಿ ಇಟ್ಟರೆ ಮಂದ ಹಸಿರು ಕಾಣುತ್ತದೆ. ವಯಸ್ಸಾದ ಕೋಶಗಳಲ್ಲಿ ಲಿಪೋಫಸಿನ್ ಅನ್ನುವ ಕಸ ಸೇರಿರುತ್ತದೆ, ಅದು ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತದೆ. ಫಿಕ್ಸ್ ಮಾಡಲು ಹಾಕುವ ಪ್ಯಾರಾಫಾರ್ಮಲ್ಡಿಹೈಡ್ ಕೂಡ ಹೊಳಪು ಕೊಡುತ್ತದೆ. ರಕ್ತ ಸರಿಯಾಗಿ ತೊಳೆದು ಹೋಗದಿದ್ದರೆ ರಕ್ತಕಣಗಳದ್ದೂ ಸೇರುತ್ತದೆ. ಮುದ್ದೆ ಜೋರಾಗಿ ಹೊಳೆಯುವಾಗ ಇದು ಯಾವುದೂ ಗೊತ್ತಾಗುವುದಿಲ್ಲ. ಒಂಟಿ ಕೋಶ ಹುಡುಕುವಾಗ ಮಾತ್ರ ಹುಚ್ಚು ಹಿಡಿಸುತ್ತದೆ. ಬಣ್ಣ ಹಾಕದ ಮಿದುಳಿನ ಒಂದು ಸೆಕ್ಷನನ್ನು ಪ್ರತಿ ಸಲ ಜೊತೆಗೆ ಇಡಿ, ಕ್ಯಾಮೆರಾದ ಎಕ್ಸ್‌ಪೋಷರ್ ಎರಡಕ್ಕೂ ಒಂದೇ ಇರಲಿ. ಸಂಶಯ ಬಂದ ಕಡೆ ಜಿಎಫ್‌ಪಿ ಆಂಟಿಬಾಡಿ ಹಾಕಿ ಖಾತ್ರಿ ಮಾಡಿಕೊಳ್ಳಿ.

ಅದಕ್ಕೇ ಕೆಂಪಿಗೆ ಹೋದದ್ದು. ಕೆಂಪಿನಲ್ಲಿ ಮಿದುಳಿನ ಸ್ವಂತ ಹೊಳಪು ಬಹಳ ಕಡಿಮೆ. ಮೊದಲು ಎಂಚೆರ್ರಿ ಅನ್ನುವ ಕೆಂಪು ಪ್ರೋಟೀನ್ ತಗೊಂಡೆವು, ಎಲ್ಲರೂ ಹೊಗಳುತ್ತಾರೆ ಅಂತ. ನಮ್ಮ ಮೈಕ್ರೋಸ್ಕೋಪಿನಲ್ಲಿ ಮಂಕೋ ಮಂಕು. ಕೋಶ ಸರಿಯಿಲ್ಲ ಅಂತ ಒಂದು ತಿಂಗಳು ಒದ್ದಾಡಿದ ಮೇಲೆ ಗೊತ್ತಾಯಿತು, ತಪ್ಪು ಫಿಲ್ಟರಿನದ್ದು, ಅಂದರೆ ಯಾವ ಬಣ್ಣದ ಬೆಳಕು ಬೀಳಬೇಕು ಅಂತ ಆರಿಸುವ ಗಾಜಿನದ್ದು. ಎಂಚೆರ್ರಿಗೆ 587 ನ್ಯಾನೋಮೀಟರ್ ಬೆಳಕು ಬೇಕು, ನಮ್ಮ ಹಳೆಯ ಕೆಂಪು ಫಿಲ್ಟರ್ ಕೊಡುವುದು 550ರ ಹತ್ತಿರದ್ದು. ಟಿಡಿ-ಟೊಮೇಟೊಗೆ 554 ಬೇಕು, ಅದು ಆ ಫಿಲ್ಟರಿಗೆ ಹೇಳಿ ಮಾಡಿಸಿದ ಹಾಗೆ. ಬದಲಿಸಿದೆವು. ಮೊದಲ ಸ್ಲೈಡಿನಲ್ಲೇ ವ್ಯತ್ಯಾಸ ಗೊತ್ತಾಯಿತು, ಕಪ್ಪು ಹಿನ್ನೆಲೆಯಲ್ಲಿ ಕುಂಕುಮದ ಚುಕ್ಕಿ ಇಟ್ಟ ಹಾಗೆ. ದಯವಿಟ್ಟು ಪ್ರೋಟೀನ್ ಆರಿಸುವ ಮೊದಲು ನಿಮ್ಮ ಮೈಕ್ರೋಸ್ಕೋಪಿನ ಫಿಲ್ಟರಿನ ಅಂಚಿನಲ್ಲಿ ಬರೆದ ಅಂಕಿ ಓದಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಮಳೆಗಾಲದ ಬಗ್ಗೆ ಎರಡು ಮಾತು, ಇದು ಯಾವ ಕಂಪೆನಿಯ ಪುಸ್ತಕದಲ್ಲೂ ಇರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಲೆನ್ಸಿಗೆ ಬೂಸ್ಟ್ ಹಿಡಿಯುತ್ತದೆ. ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಎಳೆ, ಒಮ್ಮೆ ಗಾಜನ್ನು ತಿಂದರೆ ಹೋಗುವುದಿಲ್ಲ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಲೆನ್ಸ್ ಇಡಿ, ರೂಮಿಗೆ ಡಿಹ್ಯೂಮಿಡಿಫೈಯರ್ ಹಾಕಿಸಿ. ಇನ್ನೊಂದು, ಹಳೆಯ ಮರ್ಕ್ಯುರಿ ಲ್ಯಾಂಪ್. ಕರೆಂಟ್ ಹೋಗಿ ಬಂದರೆ ಅದನ್ನು ಕೂಡಲೇ ಹಚ್ಚುವ ಹಾಗಿಲ್ಲ, ಅರ್ಧ ಗಂಟೆ ತಣಿಯಬೇಕು. ಗುಡುಗು ಮಳೆಯ ಸಂಜೆ ಮೂರು ಸಲ ಕರೆಂಟ್ ಹೋದರೆ ಆ ದಿನದ ಕೆಲಸ ಮುಗಿದ ಹಾಗೆಯೇ. ಎಲ್‌ಇಡಿಗೆ ಬದಲಿಸಿದ ಮೇಲೆ ಆ ಕಷ್ಟ ಇಲ್ಲ. ನಮ್ಮ ಲ್ಯಾಬಿನಲ್ಲಿ ಖರ್ಚು ಮಾಡಿದ್ದರಲ್ಲಿ ಅತಿ ಸಾರ್ಥಕ ಅದೇ.

ದಪ್ಪ ಸೆಕ್ಷನಿಗೆ ಆಳದ ಒಂದೊಂದು ಪದರವನ್ನೂ ಬೇರೆಯಾಗಿ ತೋರಿಸುವ ಮೈಕ್ರೋಸ್ಕೋಪ್, ಅಂದರೆ ಕಾನ್‌ಫೋಕಲ್ ಬೇಕು. ಅದು ನಮ್ಮಲ್ಲಿ ಇಲ್ಲ, ಮಂಗಳೂರಿನ ಕಡೆ ಗಂಟೆಯ ಲೆಕ್ಕದಲ್ಲಿ ಕೊಡುವ ಕಡೆಗೆ ಹೋಗುತ್ತೇವೆ. ಸ್ಲೈಡುಗಳನ್ನು ಫಾಯಿಲಿನಲ್ಲಿ ಸುತ್ತಿ, ಐಸ್ ಪ್ಯಾಕ್ ಜೊತೆ ಸ್ಟೀಲಿನ ಬುತ್ತಿಯಲ್ಲಿ ಇಟ್ಟುಕೊಂಡು, ಕಾಸರಗೋಡಿನಿಂದ ಬೆಳಗ್ಗಿನ ರೈಲು ಹಿಡಿಯುವುದು. ಸೇವೆ ಚೆನ್ನಾಗಿದೆ, ಮೆಷಿನ್ ನೋಡಿಕೊಳ್ಳುವವರು ತಾಳ್ಮೆಯಿಂದ ಕೂತು ಕಲಿಸುತ್ತಾರೆ. ಎರಡು ಗಂಟೆ ಸಾಲುವುದಿಲ್ಲ, ನಾಲ್ಕು ಗಂಟೆ ಬುಕ್ ಮಾಡಿ. ಏನು ನೋಡಬೇಕು ಅಂತ ಸೆಕ್ಷನಿನ ನಂಬರ್ ಸಮೇತ ಮೊದಲೇ ಬರೆದುಕೊಂಡು ಹೋಗಿ.

ಅಲ್ಲಿ ನೋಡಿದ ಒಂದು ಕೋಶದ ಬಗ್ಗೆ ಬರೆಯದೆ ಇರಲು ಆಗುವುದಿಲ್ಲ. ಟಿಡಿ-ಟೊಮೇಟೊ ಹಾಕಿದ ಇಲಿ, ಇಪ್ಪತ್ತೊಂದನೇ ದಿನ, 50 ಮೈಕ್ರಾನ್ ದಪ್ಪದ ಸೆಕ್ಷನ್. ರಕ್ತನಾಳಕ್ಕೆ ಹಸಿರು ಹಾಕಿದ್ದೆವು. ಮುದ್ದೆಯಿಂದ ಬಹಳ ದೂರ ಬಂದಿದ್ದೇವೆ, ಎಲ್ಲ ಕಪ್ಪು, ಒಂದು ಹಸಿರು ನಾಳ ಮಾತ್ರ ಕವಲೊಡೆದು ಹೋಗುತ್ತಿದೆ. ಅದರ ಮೈಗೆ ಅಂಟಿಕೊಂಡು ಒಂದೇ ಒಂದು ಕೆಂಪು ಕೋಶ. ಗುಂಡಗೆ ಇಲ್ಲ. ಮುಂದೆ ಒಂದು ಉದ್ದ ಕೈ ಚಾಚಿದೆ, ಆ ಕೈಯ ತುದಿ ಕವಲಿನ ಹತ್ತಿರ ಎರಡಾಗಿ ಸೀಳಿ ಒಂದು ಬೆರಳು ಆಚೆ ನಾಳದ ಮೇಲೆ, ಒಂದು ಬೆರಳು ಈಚೆ ನಾಳದ ಮೇಲೆ. ಯಾವ ದಾರಿ ಹಿಡಿಯುವುದು ಅಂತ ತಡಕುತ್ತಿರುವ ಹಾಗೆ. ಹಿಂದೆ ನ್ಯೂಕ್ಲಿಯಸ್ ಹಿಂಡಿದ ಹಾಗೆ ಉದ್ದಕ್ಕಾಗಿದೆ. ಐಬಾ1 ಅದರ ಮೇಲೆ ಇಲ್ಲ, ಬಣ್ಣ ಹಾಕದ ಮಿದುಳಿನಲ್ಲಿ ಆ ಚುಕ್ಕಿ ಇಲ್ಲ, ಸೂಜಿಯ ದಾರಿ ಅಲ್ಲಿಂದ ದೂರ. ಇದು ಗಡ್ಡೆಯ ಕೋಶವೇ. ಚಿಕ್ಕಪ್ಪ ಕೇಳಿದ ಪ್ರಶ್ನೆಗೆ ಉತ್ತರ ಪರದೆಯ ಮೇಲೆ ಕೂತಿತ್ತು. ಚಿಕ್ಕಪ್ಪ ತೀರಿಕೊಂಡು ಆಗ ವರ್ಷ ಕಳೆದಿತ್ತು.

ಆ ಫೋಟೋವನ್ನು ಫೋನಿನಲ್ಲಿ ಚಿಕ್ಕಮ್ಮನಿಗೆ ತೋರಿಸಿದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಕೈ ಒರೆಸಿಕೊಂಡು ತುಂಬಾ ಹೊತ್ತು ನೋಡಿದರು. "ಇಷ್ಟು ಸಣ್ಣದಾ?" ಅಂದರು. ಆಮೇಲೆ, "ಇದು ಡಾಕ್ಟರಿಗೆ ಕಾಣುವ ಹಾಗೆ ಮಾಡಲು ಆಗುವುದಿಲ್ಲವಾ?"

ಸ್ವಲ್ಪ ಮಟ್ಟಿಗೆ ಆಗುತ್ತದೆ. ಮನುಷ್ಯರಿಗೆ ಜಿಎಫ್‌ಪಿ ಹಾಕಲು ಬರುವುದಿಲ್ಲ, ಆದರೆ 5-ಎಎಲ್‌ಎ ಅನ್ನುವ ಮದ್ದು ಉಂಟು. ಆಪರೇಷನ್ನಿಗೆ ಕೆಲವು ಗಂಟೆ ಮೊದಲು ಕುಡಿಸುತ್ತಾರೆ. ಗಡ್ಡೆಯ ಕೋಶಗಳು ಅದನ್ನು ಪ್ರೋಟೋಪಾರ್ಫಿರಿನ್ ಆಗಿ ಬದಲಿಸಿ ಒಳಗೆ ತುಂಬಿಕೊಳ್ಳುತ್ತವೆ, ನೇರಳೆ ನೀಲಿ ಬೆಳಕಿನಲ್ಲಿ ಗುಲಾಬಿ ಕೆಂಪಾಗಿ ಹೊಳೆಯುತ್ತವೆ. 2006ರಲ್ಲಿ ಬಂದ ಜರ್ಮನಿಯ ಅಧ್ಯಯನದಲ್ಲಿ ಇದನ್ನು ಬಳಸಿದಾಗ ನೂರಕ್ಕೆ 65 ಜನರಲ್ಲಿ ಸ್ಕ್ಯಾನಿಗೆ ಕಾಣುವ ಗಡ್ಡೆ ಪೂರ್ತಿ ತೆಗೆಯಲು ಆಯಿತು, ಬಳಸದಿದ್ದಾಗ 36 ಜನರಲ್ಲಿ. ಆರು ತಿಂಗಳವರೆಗೆ ರೋಗ ಮುಂದುವರಿಯದೆ ಇದ್ದವರು ಬಳಸಿದಾಗ ನೂರಕ್ಕೆ 41, ಬಳಸದಿದ್ದಾಗ 21. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ನಾನು ನೋಡಿದಂಥ ಒಂಟಿ ಕೋಶ ಇದರಲ್ಲೂ ಸರ್ಜನ್ನಿನ ಕಣ್ಣಿಗೆ ಕಾಣುವುದಿಲ್ಲ, ಒಂದು ಕೋಶದ ಹೊಳಪು ಅಷ್ಟು ಕಡಿಮೆ. ಚಿಕ್ಕಮ್ಮನಿಗೆ ಇದನ್ನೂ ಹೇಳಿದೆ. ಸುಳ್ಳು ಸಮಾಧಾನ ಬೇಡ ಅನ್ನಿಸಿತು.

ಇನ್ನು ಕೋಶದ ಆಯ್ಕೆ. ಬಣ್ಣ ಎಷ್ಟು ಒಳ್ಳೆಯದಿದ್ದರೂ ಕೋಶವೇ ನುಗ್ಗದಿದ್ದರೆ ಏನು ಪ್ರಯೋಜನ? ಎಲ್ಲ ಕಡೆ ಸಿಗುವ ಯು87 ಮನುಷ್ಯರ ಕೋಶ, ಇಲಿಮರಿಯಷ್ಟು ಸಣ್ಣ ಮೌಸಿನಲ್ಲಿ ಗುಂಡಗೆ ಗಡಿ ಕಟ್ಟಿಕೊಂಡು ಬೆಳೆಯುತ್ತದೆ, ಅಷ್ಟಾಗಿ ನುಗ್ಗುವುದಿಲ್ಲ. ಇಲಿಯ 9ಎಲ್ ಕೂಡ ಹಾಗೆಯೇ. 1968ರಿಂದ ಬಳಕೆಯಲ್ಲಿರುವ ನಮ್ಮ ಸಿ6 ಸ್ವಲ್ಪ ನುಗ್ಗುತ್ತದೆ, ಆದರೆ ಅದಕ್ಕೆ ಪೂರ್ತಿ ಹೊಂದುವ ಇಲಿ ತಳಿ ಇಲ್ಲ, ಕೆಲವು ಇಲಿಗಳ ರೋಗನಿರೋಧಕ ಶಕ್ತಿ ಅದನ್ನು ಹೊರಗಿನದ್ದು ಅಂತ ಗುರುತಿಸಿ ತಿಂದುಹಾಕುತ್ತದೆ. ಹೊಳೆಯುವ ಪ್ರೋಟೀನ್ ಕೂಡ ಇಲಿಗೆ ಹೊರಗಿನದ್ದೇ, ಅದು ಸೇರಿದರೆ ಇನ್ನೂ ಜಾಸ್ತಿ. ಬಣ್ಣ ಹಾಕಿದ್ದು ಹಾಕದ್ದು ಎರಡೂ ಒಂದೇ ವೇಗದಲ್ಲಿ ಬೆಳೆಯುತ್ತವಾ ಅಂತ ಕೆಲವು ಇಲಿಗಳಲ್ಲಿ ನೋಡಿಕೊಳ್ಳಿ. ಫಿಷರ್ ತಳಿಯ ಇಲಿಗೆ ಹೊಂದುವ ಎಫ್98 ಕೋಶ ನುಗ್ಗುವುದರಲ್ಲಿ ಮನುಷ್ಯರ ಗಡ್ಡೆಗೆ ಹತ್ತಿರ. ನಮ್ಮ ಮುಂದಿನ ಬ್ಯಾಚ್ ಅದು, ಟಿಡಿ-ಟೊಮೇಟೊ ಜೊತೆ.

ಕೊನೆಗೆ, ದ್ರವ ಸೂಜಿಯ ದಾರಿಯಲ್ಲಿ ಮೇಲೆ ಬಾರದ ಹಾಗೆ ಮಾಡಲು: ಸೂಜಿಯನ್ನು ಒಳಗೆ ಇಳಿಸಿ ಎರಡು ನಿಮಿಷ ಬಿಟ್ಟು ಶುರು ಮಾಡಿ, ನಿಮಿಷಕ್ಕೆ ಒಂದು ಮೈಕ್ರೋಲೀಟರಿಗಿಂತ ಜೋರಾಗಿ ಒತ್ತಬೇಡಿ, ಮುಗಿದ ಮೇಲೆ ಐದು ನಿಮಿಷ ಹಾಗೆಯೇ ಬಿಟ್ಟು ನಿಧಾನಕ್ಕೆ ಎಳೆಯಿರಿ. ಎಫ್98 ಡ್ರೈ ಐಸಿನಲ್ಲಿ ಬರಬೇಕು. ಈ ಸಲ ಸೋಮವಾರ ಹೊರಡುವ ಹಾಗೆ ಆರ್ಡರ್ ಮಾಡಿದ್ದೇವೆ, ಮಂಗಳೂರಿಗೆ ಬಂದ ದಿನವೇ ನಾನು ಹೋಗಿ ಕೈಯಲ್ಲಿ ತಗೊಂಡು ಬರುತ್ತೇನೆ.